ಹೊಳೆ ಗುಡಿಸಿದ ಅಳತೆಯಕ್ಕ

ಅಳತೆಯಕ್ಕನ ಕೆಲಸ ಹೊಳೆಯ ನೀರನ್ನು ಅಳೆಯುವುದು. ಆದರೆ ಹೊಳೆಯಲ್ಲಿ ನೀರಿರುತ್ತಿದ್ದುದು ವರ್ಷಕ್ಕೆ ನಾಲ್ಕೇ ತಿಂಗಳು. ಉಳಿದ ಎಂಟು ತಿಂಗಳೂ ಆಕೆ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಸೇತುವೆಯ ಪಕ್ಕದ ಮೆಟ್ಟಿಲಿಳಿದು, ಒಣಗಿದ ಹೊಳೆಯಲ್ಲಿ ಇನ್ನೂರು ಹೆಜ್ಜೆ ನಡೆದು, ಕೆಂಪು ಬಿಳಿ ಗೆರೆಗಳ ಅಳತೆ ಹಲಗೆಯ ಮುಂದೆ ನಿಂತು, ಅದನ್ನು ಮೇಲಿಂದ ಕೆಳಗೊಮ್ಮೆ ಕೆಳಗಿಂದ ಮೇಲೊಮ್ಮೆ ನೋಡಿ, ಪುಸ್ತಕ ತೆರೆದು, ಮುತ್ತು ಪೋಣಿಸಿದಂಥ ಅಕ್ಷರದಲ್ಲಿ “ನೀರಿಲ್ಲ” ಎಂದು ಬರೆಯುತ್ತಿದ್ದಳು. ನೀರಿಲ್ಲ ಎನ್ನುವುದು ಸೇತುವೆಯ ಮೇಲೆ ನಿಂತ ಕತ್ತೆಗೂ ಕಾಣುತ್ತಿತ್ತು. ಕತ್ತೆ ಅದರ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಅಚ್ಚುಕಟ್ಟು ಆಕೆಗೆ ಹುಟ್ಟಿನಿಂದ ಅಂಟಿದ ಜ್ವರ. ಮನೆಯಲ್ಲಿ ಚಮಚಗಳು ಎತ್ತರದ ಪ್ರಕಾರ ನಿಲ್ಲಬೇಕು, ಚಪ್ಪಲಿಗಳ ಮೂತಿ ಬಾಗಿಲ ಕಡೆಗಿರಬೇಕು, ಓದಿದ ಪೇಪರು ಓದದ ಪೇಪರಿನಷ್ಟೇ ನೆಟ್ಟಗೆ ಮಡಚಿಕೊಂಡಿರಬೇಕು. ಗಂಡ ಬಸ್ಸಿನ ಕಂಡಕ್ಟರಾಗಿ ನಿವೃತ್ತನಾದವನು. ಪೊರಕೆಯ ಸದ್ದು ಹತ್ತಿರವಾದೊಡನೆ ಪೇಪರಿನಿಂದ ತಲೆಯೆತ್ತದೆ ಎರಡೂ ಕಾಲು ಮೇಲೆತ್ತಿಕೊಳ್ಳುತ್ತಿದ್ದ. ಪೊರಕೆ ಆಚೆ ಹೋದ ಮೇಲೆ “ರೈಟ್” ಎಂದು ಕಾಲಿಳಿಸುತ್ತಿದ್ದ. ಮದುವೆಯಾದ ಮೂವತ್ತೈದು ವರ್ಷಗಳಲ್ಲಿ ಈ ವಿಷಯವಾಗಿ ಇಬ್ಬರ ನಡುವೆ ಬೇರೆ ಮಾತು ಬೇಕಾಗಿರಲಿಲ್ಲ.

ಇಂಥವಳ ಕೈಗೆ ಇಲಾಖೆಯವರು ಒಂದು ಇಡೀ ಹೊಳೆಯನ್ನು ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಹನ್ನೊಂದು ವರ್ಷಗಳ ಹಿಂದೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬ ಹಲಗೆಯ ಬುಡದಲ್ಲಿದ್ದ ಒಣಗಿದ ಎಲೆಗಳನ್ನು ಬೂಟಿನ ತುದಿಯಿಂದ ಸರಿಸಿ, “ಜಾಗ ಸ್ವಲ್ಪ ಕ್ಲೀನಾಗಿಟ್ಕೊಳ್ಳಿ” ಎಂದು ಹೇಳಿ ಹೋದ. ಹೇಳಿದವನು ಸಂಜೆಯೊಳಗೆ ಮರೆತಿರಬೇಕು. ಅಳತೆಯಕ್ಕನಿಗೆ ಮಾತ್ರ ಅವತ್ತು ಊಟ ಸೇರಲಿಲ್ಲ.

ಮರುದಿನ ಉದ್ದ ಹಿಡಿಯ ಪೊರಕೆ ಬಂತು, ಬುಟ್ಟಿ ಬಂತು. ಮೊದಲು ಹಲಗೆಯ ಸುತ್ತ ನಾಲ್ಕು ಹೆಜ್ಜೆ ಗುಡಿಸಿದಳು. ಅಷ್ಟು ಚೊಕ್ಕಟವಾದೊಡನೆ ಅದರಾಚೆಯ ಜಾಗ ಕೊಳಕಾಗಿ ಕಂಡಿತು. ಅದನ್ನೂ ಗುಡಿಸಿದಳು. ಹೀಗೆ ಒಂದೇ ತಿಂಗಳಲ್ಲಿ ಹಲಗೆಯಿಂದ ಮೇಲಕ್ಕೆ ಸೇತುವೆಯವರೆಗಿನ ಇನ್ನೂರು ಹೆಜ್ಜೆ ಹೊಳೆಯೂ ಪೊರಕೆಯ ಆಳ್ವಿಕೆಗೆ ಬಂತು. ಸೇತುವೆಯ ಮೇಲ್ಗಡೆ ಬರೀ ಬೋಳು ಬಂಡೆ. ಮರಗಳೆಲ್ಲ ಇದ್ದುದು ಈ ಇನ್ನೂರು ಹೆಜ್ಜೆಯಲ್ಲೇ, ಎರಡೂ ದಡದಿಂದ ಬಾಗಿಕೊಂಡು. ಎಂಟು ತಿಂಗಳೂ ಅವು ಎಲೆ ಉದುರಿಸುತ್ತಿದ್ದವು, ಎಂಟು ತಿಂಗಳೂ ಈಕೆ ಗುಡಿಸುತ್ತಿದ್ದಳು. ಗುಡಿಸಿದ್ದನ್ನು ಹಲಗೆಯ ಕೆಳಗಡೆ, ಹೊಳೆ ತಿರುಗುವಲ್ಲಿದ್ದ ಒಂದು ತಗ್ಗಿಗೆ ಸುರಿಯುತ್ತಿದ್ದಳು. ಅಲ್ಲಿಂದ ಮುಂದಿನದು ಆಕೆಯ ಸರಹದ್ದಲ್ಲ. ದಿನಕ್ಕೆ ಎಷ್ಟು ಬುಟ್ಟಿ ಎಂಬುದನ್ನು ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆದಿಡುತ್ತಿದ್ದಳು. ಯಾರೂ ಕೇಳಿರಲಿಲ್ಲ, ಕೇಳಿದರೆ ಇರಲಿ ಎಂದು.

ಸೇತುವೆಯ ಮೇಲೆ ಕೆಲಸಕ್ಕೆ ಹೋಗುವವರು ಕೆಳಗೆ ಬಗ್ಗಿ ನೋಡಿ, “ಏನಕ್ಕಾ, ಹೊಳೆ ಒರೆಸೋದು ಯಾವಾಗ?” ಎಂದು ರೇಗಿಸುತ್ತಿದ್ದರು. ಆಕೆ ತಲೆ ಕೆಡಿಸಿಕೊಳ್ಳಲಿಲ್ಲ. ಇಲಾಖೆಯ ಜೀಪು ಸೇತುವೆಯ ಮೇಲೆ ನಿಂತು ಕೆಳಗೆ ಕಣ್ಣು ಹಾಯಿಸಿ ಹೋಗುತ್ತಿತ್ತು, ಮತ್ತು ಮೂರು ಸಲ ಆಕೆಗೆ “ಅತ್ಯಂತ ಸ್ವಚ್ಛ ಮಾಪನ ಕೇಂದ್ರ” ಎಂಬ ಪ್ರಶಸ್ತಿಪತ್ರ ಬಂತು. ಮೂರಕ್ಕೂ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ಹೊಡೆದಿದ್ದಳು. ನೆಂಟರು ಬಂದರೆ ಅವುಗಳ ಎದುರಿಗಿರುವ ಕುರ್ಚಿಯನ್ನೇ ಕೊಡುತ್ತಿದ್ದಳು.

ಹೊಳೆಯ ತಿರುವು ದಾಟಿದರೆ ದಡದ ಮೇಲೆ ಒಂದು ಲಾಂಡ್ರಿ, ಅದರಾಚೆ ಕೆರೆ. ಕೆರೆಯನ್ನು ಗುತ್ತಿಗೆ ಹಿಡಿದು ಮೀನು ಸಾಕುತ್ತಿದ್ದವನಿಗೆ ಊರವರು ಕೆರೆದೊರೆ ಎಂದು ಹೆಸರಿಟ್ಟಿದ್ದರು. ಅವನು ಯಾರೊಂದಿಗೂ ದನಿ ತಗ್ಗಿಸಿ ಮಾತಾಡಿದವನಲ್ಲ. ಪ್ರತಿವರ್ಷ ಒಣ ಹೊಳೆಗೆ ಮೊದಲ ನೀರು ಬಂದ ಮರುದಿನ ಕೆರೆ ಕಡು ಟೀ ಬಣ್ಣಕ್ಕೆ ತಿರುಗುತ್ತಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ವಾರ ಕಳೆಯುವುದರೊಳಗೆ ನೀರೆಲ್ಲ ಪಾಚಿಗಟ್ಟಿ ಹಸಿರಾಗಿ, ಏರಿಯ ಮೇಲೆ ಹೋಗುವವರು ಮೂಗು ಮುಚ್ಚಿಕೊಳ್ಳುವಂತಾಗುತ್ತಿತ್ತು. ಆಗ ಕೆರೆದೊರೆ ಲಾಂಡ್ರಿಯ ಬಾಗಿಲಲ್ಲಿ ನಿಂತು, “ನಿನ್ನ ಸೋಪಿನ ನೀರು ಕುಡಿದು ನನ್ನ ಮೀನು ಸಾಯ್ತಿದಾವೆ ಕಣಯ್ಯಾ!” ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದ.

ಲಾಂಡ್ರಿಯ ಇಸ್ತ್ರಿಯಣ್ಣ ಬಾಯಿ ಸತ್ತ ಮನುಷ್ಯ. ಮುಂದೆ ಎರಡು ತೊಳೆಯುವ ಯಂತ್ರ, ಒಂದು ಇಸ್ತ್ರಿ ಮೇಜು. ಹಿಂದೆ ಎರಡು ಕೋಣೆಗಳಲ್ಲಿ ಅವನು, ಅವನ ಹೆಂಡತಿ. ಇಷ್ಟೇ ಅವನ ಪ್ರಪಂಚ. ಬೈದು ಹೋದವರ ಅಂಗಿಯನ್ನೂ ಅಷ್ಟೇ ಶ್ರದ್ಧೆಯಿಂದ ಇಸ್ತ್ರಿ ಮಾಡಿ, ಕಾಗದ ಸುತ್ತಿ ಕೊಡುತ್ತಿದ್ದ.

ಈ ಜಗಳ ಕಿವಿಗೆ ಬಿದ್ದರೆ ಅಳತೆಯಕ್ಕನಿಗೆ ಹಾಲು ಕುಡಿದಷ್ಟು ಸಂತೋಷ. ಕಾರಣ ಒಂದು ಕೋಟು. ಒಂಬತ್ತು ವರ್ಷಗಳ ಹಿಂದೆ, ತಂಗಿಯ ಮಗಳ ಮದುವೆಯ ಹಿಂದಿನ ದಿನ, ಗಂಡನಿಗಿದ್ದ ಒಂದೇ ಒಂದು ಕೋಟಿನ ಬೆನ್ನ ಮೇಲೆ ಇಸ್ತ್ರಿಯಣ್ಣ ಇಸ್ತ್ರಿಪೆಟ್ಟಿಗೆಯ ಪಡಿಯಚ್ಚು ಒತ್ತಿಬಿಟ್ಟಿದ್ದ. ಗಂಡ ಅದನ್ನೇ ಹಾಕಿಕೊಂಡು ಹೋಗಿ, ಮೂರು ಗಂಟೆ ಗೋಡೆಗೆ ಬೆನ್ನು ಕೊಟ್ಟು ನಿಂತು, ಫೋಟೋಕ್ಕೆ ಕರೆದರೂ ಕದಲದೆ, ಹುಡುಗಿಯ ದೊಡ್ಡಪ್ಪನಿಗೆ ಈ ಸಂಬಂಧ ಇಷ್ಟವಿಲ್ಲವಂತೆ ಎಂಬ ಸುದ್ದಿ ಹುಟ್ಟಿಸಿ ಮನೆಗೆ ಬಂದ. ಅವನು ಅದನ್ನು ವಾರದಲ್ಲಿ ಮರೆತ. ಅಳತೆಯಕ್ಕ ಲಾಂಡ್ರಿಯವನ ಜೊತೆ ಅವತ್ತೇ ಮಾತು ಬಿಟ್ಟಳು. ಎದುರಿಗೆ ಸಿಕ್ಕರೆ ಅವನ ತಲೆಯ ಮೇಲಿನ ಆಕಾಶವನ್ನು ನೋಡಿಕೊಂಡು ದಾಟಿಹೋಗುತ್ತಿದ್ದಳು.

ಹೋದ ವರ್ಷ ಕೆರೆದೊರೆಯ ಕಾಟ ತಡೆಯಲಾರದೆ ಪುರಸಭೆಯವರು ಸಭೆ ಕರೆದರು. ನೀರಿನ ಪರೀಕ್ಷಾಲಯದಿಂದ ಡಾಕ್ಟರಮ್ಮ ಬಂದಿದ್ದರು. ಅವರು ನೀರಿಗೆ ಡಾಕ್ಟರು. ಆದರೂ ಬಂದಾಗಲೆಲ್ಲ ಇಬ್ಬರು ಮೂವರಾದರೂ ಮಂಡಿನೋವು ಹೇಳಿಕೊಳ್ಳದೆ ಬಿಡುತ್ತಿರಲಿಲ್ಲ. ಹನ್ನೊಂದು ವರ್ಷಗಳಿಂದ ಮೊದಲ ನೀರು ಬಂದ ಗಂಟೆಯೊಳಗೆ ಅಳತೆಯಕ್ಕ ಹಲಗೆಯ ಬಳಿ ಒಂದು ಬಾಟಲಿ, ಕೆರೆದೊರೆ ಕೆರೆಯ ಬಾಯಲ್ಲಿ ಒಂದು ಬಾಟಲಿ ತುಂಬಿ ಅವರಿಗೆ ಕಳಿಸುವುದು ವಾಡಿಕೆ.

“ಹಲಗೆ ಹತ್ರದ ನೀರಲ್ಲಿ ರಂಜಕ, ಸಾರಜನಕ ಎಲ್ಲ ತೀರಾ ಕಮ್ಮಿ,” ಎಂದರು ಡಾಕ್ಟರಮ್ಮ. “ಅದೇ ಕೆರೆ ಬಾಯಲ್ಲಿ ಹತ್ತರಷ್ಟು. ಪಾಚಿಗೆ ಅದೇ ಗೊಬ್ಬರ. ಮಧ್ಯ ಎಲ್ಲೋ ಸೇರ್ಕೊಳ್ತಿದೆ.”

ಮಧ್ಯದಲ್ಲಿದ್ದುದು ಲಾಂಡ್ರಿ ಒಂದೇ. ಅಧ್ಯಕ್ಷರು ಅಳತೆಯಕ್ಕನನ್ನು ಕೇಳಿದರು. ಆಕೆ ಎದ್ದುನಿಂತು ಸೆರಗು ಸರಿಮಾಡಿಕೊಳ್ಳುವಷ್ಟು ಹೊತ್ತು ಸಭೆಯನ್ನು ಕಾಯಿಸಿ, “ಹಲಗೆವರೆಗೂ ನನ್ನ ಹೊಳೆ ಕನ್ನಡಿ ಇದ್ದ ಹಾಗಿದೆ. ಅಲ್ಲಿಂದ ಕೆಳಗೆ ಏನು ಸೇರುತ್ತೋ, ಸೇರಿಸೋರನ್ನೇ ಕೇಳಿ,” ಎಂದು ಕೂತಳು. ಎಷ್ಟು ಚೆನ್ನಾಗಿ ಹೇಳಿದೆ ಎಂದು ಆಕೆಗೇ ಅನ್ನಿಸಿತು. ಇನ್ನೊಂದು ವರ್ಷದ ನೀರು ನೋಡೋಣ, ಹೀಗೇ ಬಂದರೆ ಲಾಂಡ್ರಿ ಅಲ್ಲಿಂದ ಏಳಬೇಕು ಎಂದು ತೀರ್ಮಾನವಾಯಿತು.

ಈ ವರ್ಷ ಮೋಡ ಕಟ್ಟತೊಡಗಿದಾಗ ಅಳತೆಯಕ್ಕ ಖಾಲಿ ಬಾಟಲಿ ತರಲು ಬಸ್ಸು ಹಿಡಿದು ಪರೀಕ್ಷಾಲಯಕ್ಕೆ ಹೋದಳು. ಯಾವಾಗಲೂ ಜವಾನ ಬಾಗಿಲಲ್ಲೇ ಬಾಟಲಿ ಕೊಟ್ಟು ಸಾಗಹಾಕುತ್ತಿದ್ದ. ಅವತ್ತು ಜವಾನನಿಗೆ ಹಲ್ಲುನೋವು, ರಜೆ. ಡಾಕ್ಟರಮ್ಮನೇ ಒಳಗೆ ಕರೆದರು. ಮೇಜಿನ ಮೇಲೆ ಗಾಜಿನ ಜಾಡಿಗಳ ಸಾಲು. ಒಂದೊಂದರ ತಳದಲ್ಲೂ ಒಂದು ಹಿಡಿ ಒಣ ಎಲೆ, ಮೇಲೆ ನೀರು. ಮೊದಲನೆಯ ಜಾಡಿಯ ನೀರು ತಿಳಿಯಾಗಿತ್ತು, ಆಮೇಲಿನವು ಒಂದಕ್ಕಿಂತ ಒಂದು ಕಂದು, ಕೊನೆಯದಂತೂ ಕಪ್ಪಿಗೆ ಸಮೀಪ. ಒಂದು ಜಾಡಿಯ ಚೀಟಿ ಸೊಟ್ಟಗೆ ಅಂಟಿಕೊಂಡಿತ್ತು. ಅಳತೆಯಕ್ಕ ಅದನ್ನು ಉಗುರಿನಿಂದ ನೆಟ್ಟಗೆ ಮಾಡುತ್ತ ಕೇಳಿದಳು:

“ಇದೇನಮ್ಮಾ, ಎಲೆ ನೆನೆಹಾಕಿದ್ದೀರಿ?”

“ಬೇರೆ ಹೊಳೆದು ಇದು,” ಎಂದರು ಡಾಕ್ಟರಮ್ಮ, ಕೇಳುವವರು ಸಿಕ್ಕಿದ ಖುಷಿಯಲ್ಲಿ. “ಹೊಳೆ ಬತ್ತಿದಾಗ ಎಲೆ ಬಿದ್ದು ಒಣಗಿ ಗರಿಗರಿ ಆಗಿರುತ್ತಲ್ಲ, ತಿಂಗಳುಗಟ್ಟಲೆ ಹಾಗೇ ಇರುತ್ತೆ, ಏನೂ ಮಾಡಲ್ಲ. ನೀರು ತಾಗಿತೋ, ಒಳಗಿರೋದನ್ನೆಲ್ಲ ಬಿಟ್ಕೊಡುತ್ತೆ, ಟೀಪುಡಿ ಥರ. ಮೊದಲ ಕೆಲವು ಗಂಟೇಲೇ ಹೆಚ್ಚು ಬರೋದು. ತಳದ ಮಣ್ಣೂ ಒಂದಿಷ್ಟು ಬಿಡುತ್ತೆ. ಅದಕ್ಕೇ ನಾನು ಮೊದಲ ನೀರು, ಮೊದಲ ಗಂಟೆ ಅಂತ ನಿಮ್ಮ ಪ್ರಾಣ ತಿನ್ನೋದು.”

“ಬಿಟ್ಟ ಮೇಲೆ?”

“ಕೆಳಗಡೆ ಕೆರೆ ಇದ್ರೆ ಅಲ್ಲಿಗೆ ಹೋಗುತ್ತೆ. ಆ ರಸ ಕೊಳೆಯೋಕೆ ನೀರೊಳಗಿನ ಆಮ್ಲಜನಕ ಖರ್ಚಾಗಿ ಮೀನು ಒದ್ದಾಡ್ತವೆ. ಆಮೇಲೆ ಪಾಚಿಗೆ ಭರ್ಜರಿ ಊಟ. ಎಲ್ಲ ಹೊಳೇಲೂ ಇದೇ ಕತೆ. ನಿಮ್ಮ ಹೊಳೆ ಒಂದು ಹೀಗಿಲ್ಲ. ಎರಡೂ ಕಡೆ ಮರ ಇದೆ ಅಂತೀರಿ, ಆದ್ರೂ ನೀರು ಕನ್ನಡಿ! ನಾನು ಅದರ ಮೇಲೆ ಒಂದು ದೊಡ್ಡ ವರದಿನೇ ಬರೀತಿದ್ದೀನಿ. ಆ ಮರಗಳಲ್ಲೇ ಏನೋ ವಿಶೇಷ ಇರ್ಬೇಕು.”

ಮರಗಳಲ್ಲಿ ಯಾವ ವಿಶೇಷವೂ ಇರಲಿಲ್ಲ. ವಿಶೇಷವೆಲ್ಲ ಪೊರಕೆಯಲ್ಲಿತ್ತು. ಅಳತೆಯಕ್ಕ ಹೋಗಿ ಬರುತ್ತೇನೆಂದು ಹೊರಟು, ಬಾಟಲಿ ಬಿಟ್ಟು ಬಂದದ್ದು ಗೇಟಿನಲ್ಲಿ ನೆನಪಾಗಿ ತಿರುಗಿ ಹೋಗಿ, ಬಾಟಲಿ ಹಿಡಿದು ಬಂದು ಕೊಡೆ ಬಿಟ್ಟಳು. ಜೀವಮಾನದಲ್ಲಿ ಆಕೆ ಒಂದೇ ದಿನ ಎರಡು ಸಾಮಾನು ಮರೆತದ್ದು ಅದೇ ಮೊದಲು.

ಬಸ್ಸಿನಲ್ಲಿ ಕೂತು ಲೆಕ್ಕ ಹಾಕಿದಳು. ಹಲಗೆಯ ಮೇಲಿನ ಎಲೆಯನ್ನೆಲ್ಲ ತಾನೇ ಎತ್ತಿ ಹಲಗೆಯ ಕೆಳಗೆ ಹಾಕಿದ್ದೇನೆ. ಹಲಗೆಯ ಬಳಿ ನೀರು ಕನ್ನಡಿಯಾಗದೆ ಇನ್ನೇನಾಗುತ್ತದೆ? ಎಂಟು ತಿಂಗಳ ಎಲೆ ಒಂದೇ ತಗ್ಗಿನಲ್ಲಿ ಗುಡ್ಡೆಯಾಗಿ ಕೂತು, ನೀರು ತಾಗಿದ ತಕ್ಷಣ ಒಟ್ಟಿಗೇ ರಸ ಬಿಟ್ಟು ಲಾಂಡ್ರಿಯ ಮುಂದೆ ಹಾದು ಕೆರೆಗೆ ಹೋಗುತ್ತಿದೆ. ಮೊದಲು ಕಣ್ಮುಂದೆ ಬಂದದ್ದು ಮೂರು ಪ್ರಶಸ್ತಿಪತ್ರ. ಆಮೇಲೆ ಡಾಕ್ಟರಮ್ಮನ ದೊಡ್ಡ ವರದಿ. ಇಸ್ತ್ರಿಯಣ್ಣ ಕೊನೆಗೆ ಬಂದ, ನಿಜ ಹೇಳಬೇಕೆಂದರೆ ಕರೆಯದೆಯೇ ಬಂದ, ಬಂದವನು ಬಸ್ಸು ಇಳಿಯುವವರೆಗೂ ಹೋಗಲಿಲ್ಲ.

ಮನೆಯಲ್ಲಿ ಗಂಡನಿಗೆ ಹೇಳಿದಳು. ಅವನು ಪೇಪರು ಕೆಳಗಿಟ್ಟು ಪೂರ್ತಿ ಕೇಳಿದ.

“ಹೋಗಿ ಹೇಳ್ಬಿಡು,” ಎಂದ.

“ಏನಂತ? ಹನ್ನೊಂದು ವರ್ಷ ಕ್ಲೀನ್ ಮಾಡಿ ಕೆರೆ ಕೆಡಿಸ್ದೆ ಅಂತಾನಾ?”

“ಹ್ಞೂಂ.”

“ಸತ್ರೂ ಹೇಳಲ್ಲ.” ಗೋಡೆಯ ಮೇಲಿನ ಪ್ರಶಸ್ತಿಪತ್ರಗಳತ್ತ ನೋಡಿದಳು. “ಇನ್ನೊಂದು ದಾರಿ ಇದೆ. ತಗ್ಗಲ್ಲಿರೋ ಎಲೆನೆಲ್ಲ ವಾಪಸ್ ತಗೊಂಡೋಗಿ ಎಲ್ಲಿತ್ತೋ ಅಲ್ಲೇ ಹಾಕ್ಬಿಟ್ರೆ, ಈ ವರ್ಷದ ನೀರು ಹೇಗಿರಬೇಕೋ ಹಾಗೇ ಬರುತ್ತೆ. ಮೇಲೂ ಕೆಳಗೂ ಒಂದೇ ಥರ. ಲಾಂಡ್ರಿ ಉಳಿಯುತ್ತೆ, ನಮ್ಮ ಮರ್ಯಾದೆನೂ ಉಳಿಯುತ್ತೆ.”

ಗಂಡ “ರೈಟ್” ಎಂದ. ಆದರೆ ಅದು ಬ್ರೇಕ್ ಸರಿಯಿಲ್ಲದ ಬಸ್ಸಿಗೆ ಹೇಳಿದ ರೈಟ್‌ನಂತಿತ್ತು.

ಮರುದಿನ ಬೆಳಿಗ್ಗೆ ಇಬ್ಬರೂ ಗೋಣಿಚೀಲ ಹಿಡಿದು ಹೊಳೆಗಿಳಿದರು. ತಗ್ಗಿನಲ್ಲಿ ಎಲೆ ಸೊಂಟದೆತ್ತರಕ್ಕೆ ಬಿದ್ದಿತ್ತು. ಚೀಲ ತುಂಬುವುದು ಕಷ್ಟವಾಗಲಿಲ್ಲ, ಹೊರುವುದೂ ಕಷ್ಟವಾಗಲಿಲ್ಲ. ಕಷ್ಟವಾದದ್ದು ಹರಡುವುದು. ಅಳತೆಯಕ್ಕನ ಕೈಗೆ ಚೆಲ್ಲುವುದು ಬರುತ್ತಿರಲಿಲ್ಲ. ಒಂದು ಹಿಡಿ ಎಸೆಯುತ್ತಿದ್ದಳು, ತಡೆಯಲಾರದೆ ಬಗ್ಗಿ ಅಂಚು ಸರಿಮಾಡುತ್ತಿದ್ದಳು. ಅರ್ಧ ಗಂಟೆಯಲ್ಲಿ ಹೊಳೆಯ ತಳದಲ್ಲಿ ಎಲೆಗಳು ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ಮಲಗಿದ್ದವು.

“ಗಾಳಿ ಯಾವತ್ತಾದ್ರೂ ಎಲೆನ ಹೀಗೆ ಜೋಡ್ಸಿದ್ದು ನೋಡಿದ್ದೀಯಾ?” ಎಂದ ಗಂಡ.

“ಕಣ್ಣು ಮುಚ್ಕೊಂಡು ಹಾಕ್ತೀನಿ.”

ಕಣ್ಣು ಮುಚ್ಚಿಕೊಂಡು ಹಾಕಿದಳು, ಕಣ್ಣು ತೆರೆದು ಸರಿಮಾಡಿದಳು. ಕೊನೆಗೆ ಗಂಡ ಆಕೆಯನ್ನು ಒಂದು ಕಲ್ಲಿನ ಮೇಲೆ ಆ ಕಡೆ ಮುಖ ಮಾಡಿ ಕೂರಿಸಿ, ತಾನೇ ಚೀಲ ಕೊಡವತೊಡಗಿದ. ಬೆನ್ನ ಹಿಂದೆ ಎಲೆ ಬೀಳುವ ಸದ್ದು ಕೇಳಿದಾಗಲೆಲ್ಲ ಆಕೆಯ ಕೈಬೆರಳು ತಾವಾಗಿ ಆಡುತ್ತಿದ್ದವು.

ಹಾಗೆ ಆ ಕಡೆ ಮುಖ ಮಾಡಿ ಕೂತಿದ್ದರಿಂದ ಇಸ್ತ್ರಿಯಣ್ಣ ಬಂದದ್ದು ಆಕೆಗೇ ಮೊದಲು ಕಂಡಿತು. ತಲೆಯ ಮೇಲಿನ ಆಕಾಶ ನೋಡೋಣವೆಂದರೆ ಅವನು ನೇರವಾಗಿ ಎದುರಿಗೇ ಬಂದು ನಿಂತ.

“ಏನಮ್ಮಾ ಮಾಡ್ತಿದ್ದೀರಿ?”

ಒಂಬತ್ತು ವರ್ಷಗಳ ಮೇಲೆ ಮೊದಲ ಮಾತು. “ಗುಡಿಸ್ತಿದ್ದೀನಿ,” ಎಂದಳು ಅಳತೆಯಕ್ಕ.

ಇಸ್ತ್ರಿಯಣ್ಣ ಆಕೆಯ ಬರಿಗೈ ನೋಡಿದ, ಚೀಲ ಕೊಡವುತ್ತಿದ್ದ ಗಂಡನನ್ನು ನೋಡಿದ. ಗಂಡ ಬಹಳ ಆಸಕ್ತಿಯಿಂದ ಒಂದು ಮರವನ್ನು ನೋಡುತ್ತಿದ್ದ. ವಯಸ್ಸಾದ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಥರ ಆಗುತ್ತದೆ ಎಂದುಕೊಂಡನೋ ಏನೋ, ಮತ್ತೇನೂ ಕೇಳದೆ ಹೋದವನು ಲಾಂಡ್ರಿಯ ತಳ್ಳುಗಾಡಿಯನ್ನೂ ನಾಲ್ಕು ದೊಡ್ಡ ಬಟ್ಟೆಚೀಲಗಳನ್ನೂ ತೆಗೆದುಕೊಂಡು ಬಂದ. “ಆ ಗೋಣಿಚೀಲದಲ್ಲಿ ಹೊತ್ರೆ ನಾಳೆವರೆಗೂ ಮುಗಿಯಲ್ಲ. ಇದರಲ್ಲಿ ಹಾಕಿ,” ಎಂದ. ಮೂವರೂ ಸೇರಿ ಮಧ್ಯಾಹ್ನದ ಹೊತ್ತಿಗೆ ತಗ್ಗು ಖಾಲಿ ಮಾಡಿದರು. ಚೆಲ್ಲುವುದರಲ್ಲಿ ಇಸ್ತ್ರಿಯಣ್ಣ ಗಂಡನಿಗಿಂತ ಕೈ ಪಳಗಿದವನು.

ಸುಸ್ತಾಗಿ ಕೂತಾಗ ಅವನು ಲಾಂಡ್ರಿಯ ಹಿಂಗೋಡೆ ತೋರಿಸಿದ. “ಕೊಳವೆ ಮುಚ್ಚಿಸಿ ಎರಡು ವರ್ಷ ಆಯ್ತು. ತೊಳೆದ ನೀರನ್ನೆಲ್ಲ ತೊಟ್ಟಿಲಿ ತುಂಬಿ ಗಾಡಿಲಿ ಸಾಗಿಸ್ತೀನಿ. ಸೋಪು ಬದಲಾಯಿಸ್ದೆ. ಅರ್ಧಕ್ಕರ್ಧ ಕಮ್ಮಿ ಹಾಕ್ತೀನಿ, ಗಿರಾಕಿಗಳು ಬೈತಾರೆ. ಆದ್ರೂ ಕೆರೆ ಹಸಿರಾಗುತ್ತೆ.” ಬೆರಳಿನಿಂದ ಮರಳು ಕೆದಕಿದ. “ಅಷ್ಟು ಓದಿರೋರು ಬಾಟ್ಲಿಲಿ ಹಾಕಿ ನೋಡಿ ಹೇಳ್ತಾರೆ ಅಂದ್ಮೇಲೆ ಸುಳ್ಳಿರುತ್ತಾ? ಹಳೇದು ಎಲ್ಲೋ ಮಣ್ಣಲ್ಲಿ ಇಳಿದಿರ್ಬೇಕು. ನನ್ನದೇ ಇರ್ಬೇಕು ತಪ್ಪು.”

ಅಳತೆಯಕ್ಕ ಅವನು ಕೆದಕಿದ ಮರಳನ್ನು ಅಂಗೈಯಿಂದ ಸಮ ಮಾಡಿದಳು. ಅವನು ಜಗಳವಾಡಿದ್ದರೆ, ಕೋಟಿನ ಮಾತೆತ್ತಿದ್ದರೆ ಎಷ್ಟೋ ವಾಸಿಯಾಗಿತ್ತು. ಮಾಡದ ತಪ್ಪನ್ನು ಮಡಚಿ ಇಟ್ಟುಕೊಂಡು ಕೂತಿರುವವನ ಪಕ್ಕ ಕೂರುವುದು ಬಹಳ ಕಷ್ಟ. ಇರಲಿ, ನೀರು ಬಂದರೆ ಎಲ್ಲ ಸರಿಹೋಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡು ಎದ್ದಳು.

ನೀರು ಮೂರನೆಯ ದಿನ ಬೆಳಿಗ್ಗೆ ಹತ್ತಕ್ಕೆ ಬಂತು. ಮಳೆ ಬಿದ್ದದ್ದು ಮೇಲೆಲ್ಲೋ ಗುಡ್ಡಗಳಲ್ಲಿ, ಇಲ್ಲಿ ಬಿಸಿಲು. ಮೊದಲು ಸೇತುವೆಯ ಕೆಳಗಿನಿಂದ ಜೇಡ, ಇರುವೆ, ಜೀರುಂಡೆಗಳೆಲ್ಲ ದಡಕ್ಕೆ ಓಡಿಬಂದವು. ಅವುಗಳ ಹಿಂದೆ ಒಂದು ಗೇಣು ಎತ್ತರದ ನೀರು, ಅವಸರವಿಲ್ಲದೆ, ಗುಂಡಿ ಸಿಕ್ಕಲ್ಲಿ ನಿಂತು ತುಂಬಿಸಿ, ಮತ್ತೆ ಮುಂದೆ. ಒಣ ಮಣ್ಣು ಚುಯ್ ಎಂದು ಗುಳ್ಳೆ ಬಿಡುತ್ತಿತ್ತು. ಎಲೆಗಳು ಎದ್ದು ನೀರಿನ ಮೂತಿಯ ಮೇಲೆ ಕೂತು ಬಂದವು. ಹನ್ನೊಂದು ವರ್ಷ ಆಕೆ ಹಲಗೆಯ ಬಳಿ ನೋಡಿದ್ದು ತಿಳಿನೀರು. ಈ ಸಲ ಬಂದದ್ದು ಸಕ್ಕರೆ ಹಾಕಿದರೆ ಕುಡಿಯಬಹುದು ಎನ್ನುವಂಥ ಟೀ ಬಣ್ಣದ ನೀರು, ಮೇಲೆ ಕಂದು ನೊರೆ. ಇಷ್ಟು ಗಲೀಜು ನೀರನ್ನು ಕಂಡು ಆಕೆ ಇಷ್ಟು ಸಮಾಧಾನಪಟ್ಟದ್ದು ಎಂದೂ ಇಲ್ಲ. ನಿಯಮದಂತೆ ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು, ತುಂಬಿ, ಚೀಟಿ ನೆಟ್ಟಗೆ ಅಂಟಿಸಿ, ಹನ್ನೊಂದರ ಬಸ್ಸಿಗೆ ಕೊಟ್ಟು ಕಳಿಸಿದಳು.

ವಾರದ ಮೇಲೆ ಸಭೆ. ಕೆರೆ ಆಗಲೇ ಹಸಿರಾಗಿ ಗಬ್ಬೆದ್ದಿತ್ತು. ಡಾಕ್ಟರಮ್ಮ ಕನ್ನಡಕ ಏರಿಸಿ ಇಳಿಸಿ, “ಈ ವರ್ಷ ವಿಚಿತ್ರ. ಹಲಗೆ ಹತ್ರಾನೇ ರಂಜಕ, ಸಾರಜನಕ ಎಲ್ಲ ಬೇರೆ ಹೊಳೆಗಳಷ್ಟೇ ಇದೆ. ಕೆರೆ ಬಾಯಲ್ಲೂ ಅಷ್ಟೇ. ಮಧ್ಯ ಏನೂ ಸೇರಿಲ್ಲ,” ಎಂದರು. ಅಳತೆಯಕ್ಕ ಉಸಿರು ಬಿಟ್ಟಳು. ಬಿಟ್ಟ ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ಕೆರೆದೊರೆ ಎದ್ದ.

“ಈ ವರ್ಷ ಸೇರಿಲ್ಲ ಅಂದ್ರೆ ಏನರ್ಥ? ಅಂಗಡಿ ಎತ್ತಿಸ್ತಾರೆ ಅಂತ ಹೆದ್ರಿ ಬಿಟ್ಟಿಲ್ಲ! ಹಂಗಾದ್ರೆ ಇಷ್ಟು ವರ್ಷ ಬಿಟ್ಟಿದ್ದು ನಿಜ ಅಂತಾಯ್ತಲ್ಲ? ಆ ಮೀನೆಲ್ಲ ಯಾರ ಲೆಕ್ಕ?”

ಸಭೆ ಹೌದು ಹೌದು ಎಂದಿತು. ಅಧ್ಯಕ್ಷರು ಇಸ್ತ್ರಿಯಣ್ಣನ ಕಡೆ ತಿರುಗಿದರು. ಅವನು ಎದ್ದು, ಕೈಕಟ್ಟಿ, “ಇರಬಹುದು ಸ್ವಾಮಿ. ನನ್ನದೇ ಇರಬಹುದು. ಅಂಗಡಿ ಖಾಲಿ ಮಾಡ್ತೀನಿ,” ಎಂದ. ಅಷ್ಟು ದೊಡ್ಡ ಮಾತನ್ನು ಬಟ್ಟೆ ನಾಳೆ ಕೊಡ್ತೀನಿ ಎನ್ನುವ ದನಿಯಲ್ಲೇ ಹೇಳಿದ.

ಅಳತೆಯಕ್ಕ ಎದ್ದಳು. ತಾನು ಎದ್ದದ್ದು ಆಕೆಗೆ ಎದ್ದ ಮೇಲೆ ಗೊತ್ತಾಯಿತು. “ಅವರದ್ದಲ್ಲ. ನನ್ನದು,” ಎಂದಳು. “ಎಲೆನೆಲ್ಲ ಗುಡಿಸಿ ಹಲಗೆ ಕೆಳಗೆ ಹಾಕ್ತಿದ್ದೆ. ಹನ್ನೊಂದು ವರ್ಷ. ಅದಕ್ಕೇ ಮೇಲೆ ನೀರು ತಿಳಿ, ಕೆಳಗೆ ಕೊಳೆ. ಈ ವರ್ಷ ವಾಪಸ್ ಹಾಕ್ದೆ, ಅದಕ್ಕೆ ಸರಿಯಾಗಿ ಬಂತು. ಅದನ್ನೂ ಕದ್ದುಮುಚ್ಚಿ ಮಾಡ್ದೆ.”

ಯಾರೋ ನಕ್ಕರು. “ಗುಡಿಸಿದ್ರೆ ಎಲ್ಲಾದ್ರೂ ಕೊಳೆ ಆಗುತ್ತೇನಕ್ಕಾ?” ಎಂದ ಕೆರೆದೊರೆ. ಅಧ್ಯಕ್ಷರು ಗದ್ಗದಿತರಾಗಿ, “ಎಂಥ ದೊಡ್ಡ ಮನಸ್ಸು ನೋಡಿ. ಹಳೇ ದ್ವೇಷ ಮರೆತು ಇನ್ನೊಬ್ಬರ ತಪ್ಪು ತಮ್ಮ ಮೇಲೆ ಹಾಕ್ಕೋತಿದ್ದಾರೆ. ಮೂರು ಸಲ ಪ್ರಶಸ್ತಿ ಸುಮ್ನೆ ಬರಲ್ಲ,” ಎಂದು ಚಪ್ಪಾಳೆ ತಟ್ಟಿದರು. ಸಭೆಯೂ ತಟ್ಟಿತು. ಬಾಳಿನಲ್ಲಿ ಒಂದೇ ಒಂದು ಸಲ ತಪ್ಪು ಒಪ್ಪಿಕೊಳ್ಳಲು ಹೊರಟವಳಿಗೆ ಸನ್ಮಾನವಾಗುತ್ತಿತ್ತು. ಅಳತೆಯಕ್ಕನಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

“ಚಪ್ಪಾಳೆ ನಿಲ್ಸಿ!” ಎಂದು ಗದರಿದಳು. ಚೀಲದಿಂದ ಅಳತೆ ಪುಸ್ತಕ ತೆಗೆದು ಹಿಂದಿನ ಪುಟ ತೆರೆದು ಡಾಕ್ಟರಮ್ಮನ ಮುಂದೆ ಇಟ್ಟಳು. ಒಂದೊಂದು ದಿನಕ್ಕೆ ಒಂದೊಂದು ಸಾಲು: ನಾಲ್ಕು ಬುಟ್ಟಿ, ಆರು ಬುಟ್ಟಿ, ಗಾಳಿ ಜೋರು, ಒಂಬತ್ತು ಬುಟ್ಟಿ. “ಮನೇಲಿ ಇಂಥ ಪುಸ್ತಕ ಇನ್ನೂ ಹತ್ತಿವೆ,” ಎಂದಳು.

ಡಾಕ್ಟರಮ್ಮ ಪುಟ ಮಗುಚಿದರು, ಇನ್ನೊಂದು ಮಗುಚಿದರು. ಅವರ ಮುಖದಿಂದ ಬಣ್ಣ ಇಳಿಯುತ್ತ ಹೋಯಿತು. ದೊಡ್ಡ ವರದಿ ಅಷ್ಟೂ ಒಂದು ಪೊರಕೆಯ ಮೇಲೆ ನಿಂತಿತ್ತೆಂದು ತಿಳಿದವರ ಮುಖ ಹೇಗಿರಬೇಕೋ ಹಾಗಿತ್ತು. “ಬುಟ್ಟಿ ಎಷ್ಟು ದೊಡ್ಡದು?” ಎಂದು ಮಾತ್ರ ಕೇಳಿದರು. ಅಳತೆಯಕ್ಕ ಎರಡು ಕೈ ಅಗಲಿಸಿ ತೋರಿಸಿದಳು. ಡಾಕ್ಟರಮ್ಮ ಕಾಗದದ ಮೇಲೆ ಏನೋ ಗುಣಿಸಿ ಸಭೆಗೆ ಹೇಳಿದರು: “ಇವರು ಹೇಳ್ತಿರೋದು ನಿಜ. ಲಾಂಡ್ರಿದು ಏನೂ ಇಲ್ಲ. ಎಲೆ ಬಿದ್ದ ಹೊಳೆ ಹೇಗೂ ಒಂದಿಷ್ಟು ಬಿಡುತ್ತೆ, ಇವರ ಗುಡ್ಡೆಯಿಂದ ಎಲ್ಲ ಒಟ್ಟಿಗೇ ಬಂತು. ತಪ್ಪು ಜಾಗದಲ್ಲಿ ಹುಡುಕಿದ್ದು ನಾನು. ನಾನು ಒಂದು ಸಲನಾದ್ರೂ ಹೊಳೆಗಿಳಿದು ನೋಡ್ಬೇಕಿತ್ತು.” ಇನ್ನು ಮುಂದೆ ಅರ್ಧ ಹೊಳೆಯ ಎಲೆ ಗುಡಿಸಿ ದಡದ ಮೇಲಕ್ಕೆ ಹಾಕಬೇಕು, ಉಳಿದರ್ಧವನ್ನು ಡಾಕ್ಟರಮ್ಮನ ಪರೀಕ್ಷೆಗೆಂದು ಮುಟ್ಟಲೇಕೂಡದು ಎಂದು ಅಪ್ಪಣೆಯಾಯಿತು. ಅಳತೆಯಕ್ಕನಿಗೆ ಕೊಡಬಹುದಾದ ಶಿಕ್ಷೆಗಳಲ್ಲಿ ಇದಕ್ಕಿಂತ ಕಠಿಣವಾದದ್ದು ಯಾರಿಗೂ ಹೊಳೆಯುತ್ತಿರಲಿಲ್ಲ.

ಹೊರಗೆ ಮೆಟ್ಟಿಲ ಬಳಿ ಇಸ್ತ್ರಿಯಣ್ಣ ನಿಂತಿದ್ದ.

“ನಾನು ಥ್ಯಾಂಕ್ಸ್ ಹೇಳಲ್ಲ,” ಎಂದ.

“ಬೇಡ.”

“ನನ್ನ ಹೆಂಡ್ತಿ ಕೆರೆ ಏರಿ ಮೇಲೆ ಕಾಲಿಟ್ಟು ಎಷ್ಟು ವರ್ಷ ಆಯ್ತು ಗೊತ್ತಾ? ಮಾರ್ಕೆಟ್ಟಿಗೆ ಹೋಗ್ಬೇಕಾದ್ರೂ ಗುಡ್ಡ ಬಳಸ್ಕೊಂಡು ಹೋಗ್ತಾಳೆ. ಯಾರೇನಂತಾರೋ ಅಂತ. ಮೊನ್ನೆ ನಿಮ್ಮ ಪಕ್ಕ ಕೂತು ನನ್ನದೇ ತಪ್ಪಿರ್ಬೇಕು ಅಂದೆ. ಆಗ್ಲೂ ಸುಮ್ನಿದ್ರಲ್ಲ ನೀವು.”

“ತಪ್ಪಾಯ್ತು,” ಎಂದಳು ಅಳತೆಯಕ್ಕ. ಪಕ್ಕದಲ್ಲಿದ್ದ ಗಂಡ ಈ ಮಾತನ್ನು ಆಕೆಯ ಬಾಯಲ್ಲಿ ಕೇಳಿದ್ದು ಮೂವತ್ತೈದು ವರ್ಷಗಳಲ್ಲಿ ಅದೇ ಮೊದಲು. ರೈಟ್ ಎನ್ನಲೂ ಅವನಿಗೆ ತೋಚಲಿಲ್ಲ. ಇಸ್ತ್ರಿಯಣ್ಣ ತಲೆಯನ್ನೂ ಆಡಿಸದೆ ಮನೆಯ ಕಡೆ ನಡೆದ.

ಹೊಳೆ ಹರಿಯುವ ದಿನಗಳಲ್ಲಿ ಸಂಜೆಯೂ ಒಂದು ಅಳತೆ ತೆಗೆಯಬೇಕು. ಅವತ್ತು ಐದು ಗಂಟೆಗೆ ಅಳತೆಯಕ್ಕ ದಡದ ಮೇಲೆ ನಿಂತಿದ್ದಾಗ ಲಾಂಡ್ರಿಯ ಮುಂಬಾಗಿಲಿನಿಂದ ಗಂಡ ಹೆಂಡತಿ ಇಬ್ಬರೂ ಹೊರಗೆ ಬಂದರು. ಇಬ್ಬರ ಬಟ್ಟೆಯೂ ಆಗಷ್ಟೇ ಇಸ್ತ್ರಿ ಮಾಡಿದ್ದು. ಬೀದಿಯಲ್ಲಿ ಒಂದು ಕ್ಷಣ ನಿಂತರು. ಹೆಂಡತಿ ಅಭ್ಯಾಸಬಲದಿಂದ ಗುಡ್ಡದ ಕಡೆ ತಿರುಗಿದಳು. ಅವನು ಏನೋ ಹೇಳಿದ. ಆಕೆ ಕೆರೆಯ ಕಡೆ ತಿರುಗಿದಳು.

ವಾಕಿಂಗಿಗೆ ವರ್ಷದಲ್ಲಿ ಇದಕ್ಕಿಂತ ಕೆಟ್ಟ ದಿನ ಇರಲಿಲ್ಲ. ಕೆರೆ ದಪ್ಪ ಹಸಿರಾಗಿ ಬಿದ್ದಿತ್ತು, ಏರಿಯ ಮೇಲೆ ಹೋಗುವವರೆಲ್ಲ ಮೂಗಿಗೆ ಬಟ್ಟೆ ಹಿಡಿದು ಓಡುತ್ತಿದ್ದರು. ಅವರಿಬ್ಬರು ಮೂಗು ಮುಚ್ಚಲಿಲ್ಲ, ಅವಸರ ಮಾಡಲಿಲ್ಲ, ದಾರಿಯ ನಟ್ಟನಡುವೆ ನಡೆದರು. ಬಲೆ ಎಳೆಯುತ್ತಿದ್ದ ಕೆರೆದೊರೆ ಏನೋ ಕೂಗಲು ಬಾಯಿ ತೆರೆದವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಹೆಂಡತಿ ಅವನ ಮುಖವನ್ನೇ ನೋಡುತ್ತ ದಾಟಿದಳು. ಇಬ್ಬರೂ ಏರಿಯ ಕೊನೆಯವರೆಗೂ ಹೋದರು. ಅಲ್ಲಿ ಸ್ವಲ್ಪ ಹೊತ್ತು ನಿಂತು, ತಿರುಗಿ, ಅದೇ ದಾರಿಯಲ್ಲಿ ಅಷ್ಟೇ ನಿಧಾನವಾಗಿ ವಾಪಸು ಬಂದರು.